ಅರ್ಧ ಹಾಡು

ಮೂಡಲಗಿ ಪೇಟೆಯ ಮಟ್ಟಿಗೆ ಅದೊಂದು ಅತ್ಯಂತ ಗಂಭೀರ ಘಟನೆ: ಶುಕ್ರವಾರ ಸಂಜೆ, ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಇದ್ದಾಗ, ಐದನೇ ತರಗತಿಯ ತ್ರಿಶಲಾ ಬೆರಳುದ್ದದ ಪೆನ್ ಡ್ರೈವೊಂದನ್ನು ಜಿನದತ್ತ ಕಾಕಾರ ಫೋಟೋ ಸ್ಟುಡಿಯೋದ ಕಂಪ್ಯೂಟರಿನಿಂದ ಕಿತ್ತುಕೊಂಡಳು.

“ಹಾಡು ಕಾಪಿ ಆಗಾಕತ್ತೇತಿ. ಆ ಹಸರ ಗೀಟ ತುದಿ ಮುಟ್ಟೂತನಾ ಕೈ ಹಚ್ಚಬ್ಯಾಡ ನೋಡವಾ,” ಎಂದು ಹೇಳಿಯೇ ಜಿನದತ್ತ ಕಾಕಾ ಗಿರಾಕಿಯೊಬ್ಬರ ಫೋಟೋ ತೆಗೆಯಲು ಸ್ಟುಡಿಯೋದ ಒಳಗೆ ಹೋಗಿದ್ದರು. ಗೀಟು ನಡುವೆಯೇ ತೂಕಡಿಸುತ್ತಿತ್ತು. ತ್ರಿಶಲಾಳದು ಜೈನರ ಮನೆ; ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಉಣ್ಣುವುದಿಲ್ಲ. ಅಜ್ಜಿ ತಾಟು ಇಟ್ಟುಕೊಂಡು ಕಾಯುತ್ತಿರುತ್ತಾಳೆ. ಗೀಟಿಗೆ ಅದೆಲ್ಲ ಎಲ್ಲಿ ಗೊತ್ತು?

ಕಿತ್ತ ಕೂಡಲೇ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬೈಗುಳ ಬಂತು. ‘ಎರರ್’ ಎಂಬುದನ್ನು ಅವಳು ಓದಬಲ್ಲಳು. ಕೆಳಗೆ ಒಂದೇ ಬಟನ್: ಓಕೆ. ಒತ್ತಿದಳು. ಬೈಗುಳ ಮಾಯವಾಯಿತು.

“ಆತೇನವಾ?” ಕಾಕಾ ಒಳಗಿನಿಂದ ಕೇಳಿದರು.

“ಆತ್ರಿ ಕಾಕಾ!” ಅವಳ ದನಿ ಆಗಲೇ ರಸ್ತೆಯಲ್ಲಿತ್ತು.

ಮರುದಿನ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ಬಹುಮಾನ ಹೊಡೆಯಲೇಬೇಕೆಂದು ದೀವಳಿಗೆಯಿಂದ ಕುಣಿದು ಕುಣಿದು ಕಲಿತಿದ್ದ ಗೆಳತಿ ದೀಪಾ ಸ್ಟೇಜ್ ಏರಿದಳು. ತ್ರಿಶಲಾ ತಂದಿದ್ದ ಹಾಡು ಅರ್ಧಕ್ಕೆ ಕರ್ರ್ ಎಂದು ನಿಂತಿತು. ದೀಪಾಳ ಒಂದು ಕಾಲು ಇನ್ನೂ ಮೇಲೇ ಇತ್ತು.

“ಕಾಲ ಇಳಸವಾ, ಬಸ್ಸ ಹೋತು!” ಹಿಂದಿನಿಂದ ಯಾರೋ ಕೂಗಿದರು. ಪೆಂಡಾಲೆಲ್ಲ ನಕ್ಕಿತು.

ಸ್ಟೇಜಿನ ಹಿಂದೆ ಸತ್ತೆಪ್ಪ ಸರ್ ಪೆನ್ ಡ್ರೈವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದರಾಗ ಹಾಡ ಅರ್ಧಾನ ಐತಿ. ಆ ಜಿನದತ್ತನ ಕಂಪ್ಯೂಟರ ಖರಾಬ. ಇನ್ನ ಮ್ಯಾಲೆ ಅಲ್ಲಿಗೆ ಹೋಗೂದ ಬ್ಯಾಡ.”

ತ್ರಿಶಲಾ ತನ್ನ ಚಪ್ಪಲಿ ನೋಡುತ್ತ ನಿಂತಳು.

ದೀಪಾ ಮೂಗು ಒರೆಸಿಕೊಂಡು, “ನೀ ಯಾಕ ಮಾರಿ ಸಣ್ಣ ಮಾಡೀ? ನಿಂದೇನ ತಪ್ಪ? ಪಾಪ, ಓಡಿ ಹೋಗಿ ತಂದೀ,” ಎಂದಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಕಾಕಾರ ತಪ್ಪಲ್ರಿ ಸರ್,” ತ್ರಿಶಲಾಳ ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. “ಮುಗಿಯೂಕಿಂತ ಮೊದಲ ನಾನ ಕಿತ್ತೇನ್ರಿ. ಎರರ್ ಅಂತ ಬಂದಿತ್ರಿ. ಓಕೆ ಒತ್ತಿ ಓಡಿ ಬಂದೇನ್ರಿ.”

ಸರ್ ಪೆನ್ ಡ್ರೈವನ್ನು ಜೇಬಿಗೆ ಹಾಕಿಕೊಂಡರು.

“ನಿನ್ನೆ ಸಂಜೀಗೇ ಗೊತ್ತಿತ್ತ ನಿನಗ?” ದೀಪಾ ಮೆಲ್ಲಗೆ ಕೇಳಿದಳು.

ತ್ರಿಶಲಾ ಹೌದೆಂದು ತಲೆಯಾಡಿಸಿದಳು. ಬೆಳಗ್ಗೆ ದೀಪಾಳ ಜಡೆ ಹೆಣೆದವಳು ಅವಳೇ, ಗೆಜ್ಜೆ ಕಟ್ಟಿದವಳೂ ಅವಳೇ. ಹೇಳಲು ಹೊತ್ತು ಬೇಕಾದಷ್ಟಿತ್ತು. ಹಾಡನ್ನು ಮತ್ತೆ ಹಾಕಿಸಿಕೊಂಡು ಬರಲು ಸ್ಟುಡಿಯೋ ಕೂಡ ತೆರೆದೇ ಇತ್ತು.

ದೀಪಾ ಕೂತು ಗೆಜ್ಜೆ ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. ತ್ರಿಶಲಾ ಕೈ ಚಾಚಿದಾಗ ಅವಳು ಕಾಲು ಎಳೆದುಕೊಂಡಳು.

ಮೊದಲ ಬಹುಮಾನ ಏಳನೇ ತರಗತಿಯವರ ಲೇಜಿಮ್ ಕುಣಿತಕ್ಕೆ ಹೋಯಿತು.