ಹೂಂಗುಟ್ಟಿದ ಗಂಡ

"ನಿಜ ಹೇಳಿ. ಈ ಮದುವೆ ನಿಮಗೆ ಇಷ್ಟ ಇರ್ಲಿಲ್ಲ, ಅಮ್ಮನ ಬಲವಂತಕ್ಕೆ ಒಪ್ಕೊಂಡ್ರಿ... ಅಲ್ವಾ?"

ಮಳೆ ತಗಡಿನ ಮಾಡಿನ ಮೇಲೆ ಧೋ ಎಂದು ಸುರಿಯುತ್ತಿತ್ತು. ಸಂಜೆಯೇ ಕರೆಂಟು ಹೋಗಿ, ದಟ್ಟ ಕಾಡಿನ ನಡುವಿನ ಆ ಮರದ ಕೋಣೆಯಲ್ಲಿ ಮುಖಕ್ಕೆ ಮುಖ ಕಾಣುತ್ತಿರಲಿಲ್ಲ. ಮಂಚದ ಆ ತುದಿಯಿಂದ ಗಂಡನ ಉತ್ತರ ಬಂತು.

"ಹೂಂ."

ಅಷ್ಟೇ! ಮಧುಚಂದ್ರಕ್ಕೆಂದು ಬಂದ ಹೆಣ್ಣಿನ ಎದೆ ಒಡೆದುಹೋಯಿತು. ಒಂದನೇ ತರಗತಿಯ ಟೀಚರ್ ಅವಳು. ಮಕ್ಕಳು ಹೇಳುವ ಹೂಂನಲ್ಲಿ ಕಳ್ಳ ಹೂಂ ಯಾವುದು, ನಿಜದ ಹೂಂ ಯಾವುದು ಎಂದು ಪತ್ತೆಹಚ್ಚುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಈ ಹೂಂನಲ್ಲಿ ಮಾತ್ರ ಅವಳಿಗೆ ಯಾವ ಕಳ್ಳತನವೂ ಕಾಣಲಿಲ್ಲ. ದಿಂಬಿಗೆ ಮುಖ ಒತ್ತಿ ಬಿಕ್ಕಿದಳು. ಅವನು ಏನಾಯಿತೆಂದು ಕೇಳಲೂ ಇಲ್ಲ.

ಅವನದು ಕನ್ನಡಕದ ಅಂಗಡಿ. ಗಿರಾಕಿಗಳ ಜೊತೆಗಿನ ಮಾತೆಲ್ಲ ಗಲ್ಲಾದಲ್ಲಿ ಕೂತ ಅತ್ತೆಯದು. ಅವನು ಒಳಗೆ ಗಾಜು ಉಜ್ಜುವವನು. ಮದುವೆಗೆ ಮುಂಚೆ ಒಂದು ಫೋನೂ ಮಾಡಿದವನಲ್ಲ, ಮೆಸೇಜು ಮಾತ್ರ. ಆ ಮೆಸೇಜುಗಳಲ್ಲಿ ಎಂಥ ತಮಾಷೆ, ಎಷ್ಟು ಅಕ್ಕರೆ! ಅವಳು ಮನಸೋತಿದ್ದು ಅದಕ್ಕೇ. ಎದುರು ಸಿಕ್ಕಾಗಲೆಲ್ಲ ಅತ್ತೆ ನಡುವೆ ಕೂತು, "ನನ್ನ ಮಗ ಮಾತು ಕಮ್ಮಿ ಕಣಮ್ಮ" ಎಂದು ಅವನ ಪಾಲಿನ ಮಾತನ್ನೂ ತಾವೇ ಆಡಿಬಿಡುತ್ತಿದ್ದರು. ಇಲ್ಲಿಗೆ ಬಂದ ಮೇಲೋ, ಕತ್ತಲಲ್ಲಿ ಜೀರುಂಡೆಗಳ ಗದ್ದಲದ ನಡುವೆ ಅವಳು ಹಸಿವೆಂದರೂ ಹೂಂ, ಕಾಲಿಗೆ ಜಿಗಣೆ ಹತ್ತಿದೆ ಎಂದರೂ ಹೂಂ.

ಬೆಳಿಗ್ಗೆ ಬಟ್ಟೆ ತುಂಬಿದ ಚೀಲ ಹಿಡಿದು, ಲಾಡ್ಜಿನ ಮ್ಯಾನೇಜರ ಹತ್ತಿರ ಊರಿಗೆ ಹೋಗಲು ಜೀಪು ಕೇಳೋಣವೆಂದು ಹೊರಟಳು. ಮಳೆ ನಿಂತಿತ್ತು. ದಾರಿಯ ಪಕ್ಕ, ಹಳ್ಳದ ಕಡೆ ಮುಖ ಮಾಡಿ ಗಂಡ ನಿಂತಿದ್ದ. ಅವನ ನೆತ್ತಿಯ ಮೇಲೆ ಎಲ್ಲೋ ಲಟಲಟ ಸದ್ದಾಯಿತು. ನೀರು ಕುಡಿದು ಭಾರವಾದ ಒಂದು ಹಳೆಯ ಕೊಂಬೆ ಬುಡದಿಂದ ಸೀಳುತ್ತಿತ್ತು.

"ರೀ, ಈಚೆ ಬನ್ನಿ! ರೀ!"

ಅವನು ತಿರುಗಲಿಲ್ಲ. ಗಂಟಲು ಹರಿಯುವ ಹಾಗೆ ಕಿರುಚಿದಳು, ಆಗಲೂ ತಿರುಗಲಿಲ್ಲ. ಚೀಲ ಎಸೆದು ಓಡಿ ಅಂಗಿ ಹಿಡಿದು ಎಳೆದಳು. ಇಬ್ಬರೂ ಕೆಸರಿಗೆ ಬಿದ್ದರು. ಅವನು ನಿಂತಿದ್ದ ಜಾಗದಲ್ಲಿ ಕೊಂಬೆ ನೆಲಕ್ಕಪ್ಪಳಿಸಿತು. ಅವನು ಕೊಂಬೆಯನ್ನು ನೋಡಿದ. ಆಮೇಲೆ ಅವಳ ತುಟಿಗಳನ್ನೇ ನೋಡತೊಡಗಿದ.

"ನಿಮಗೆ ಕೇಳಿಸಲ್ವಾ?" ಎಂದಳು.

ಅವನು ತಲೆ ತಗ್ಗಿಸಿದ. "ಒಂದು ಕಿವಿ ಪೂರ್ತಿ ಹೋಗಿದೆ. ಇನ್ನೊಂದು ಅರೆಬರೆ. ಮಗು ಇದ್ದಾಗ ಜ್ವರ ಬಂದಿತ್ತಂತೆ. ತುಟಿ ಕಂಡ್ರೆ ಗೊತ್ತಾಗುತ್ತೆ, ಕತ್ತಲಲ್ಲಿ ಆಗಲ್ಲ. ಗೊತ್ತಾಗದಿದ್ರೆ ಹೂಂ ಅಂದ್ಬಿಡು ಅಂತ ಅಮ್ಮ ಕಲಿಸಿದಾರೆ. ನಿಂಗೆ ಹೇಳ್ಬೇಕು ಅಂತ ಎಷ್ಟು ಸಲ ಟೈಪ್ ಮಾಡಿ ಅಳಿಸಿದೀನೋ..."

"ನಿನ್ನೆ ನಾನು ಏನು ಕೇಳ್ದೆ ಗೊತ್ತಾ?"

"ಚಳಿ ಆಗ್ತಿದೆಯಾ ಅಂತ... ಅಲ್ವಾ?"

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಅವುಗಳ ಹಿಂದೆಯೇ ಸಿಟ್ಟೂ ಬಂತು. "ಕಿವಿ ಕೇಳಲ್ಲ ಅಂದಿದ್ರೆ ಜೋರಾಗಿ ಮಾತಾಡ್ತಿದ್ದೆ, ಟೀಚರ್ ಗಂಟಲು ನಂದು. ಮುಚ್ಚಿಟ್ರಲ್ಲ, ಅದಕ್ಕೇನು ಮಾಡ್ಲಿ? ನಾನು ಅಪ್ಪನ ಮನೆಗೆ ಹೋಗ್ತೀನಿ."

"ಹೋಗು," ಎಂದ ಅವನು. ಕಣ್ಣು ತುಂಬಿತ್ತು. "ಅಮ್ಮನಿಗೆ ಮಾತ್ರ ನಾನೇ ಹೇಳ್ತೀನಿ. ನಂಬರ್ ಒತ್ತಿಕೊಡು. ಅವರು ಎತ್ತಿದ್ರಾ ಅಂತ ನಂಗೆ ಗೊತ್ತಾಗಲ್ಲ."

ಕಾಡಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಲಾಡ್ಜಿನ ಆಫೀಸಿನಲ್ಲಿ ಒಂದು ಫೋನಿತ್ತು. ಇಬ್ಬರ ಕೆಸರು ಮೈ ನೋಡಿ ಮ್ಯಾನೇಜರು ಏನೂ ಕೇಳದೆ ಹೊರಗೆ ಹೋದರು. ಅತ್ತೆ ಹಲೋ ಎಂದಾಗ ಅವಳು ಸನ್ನೆ ಮಾಡಿದಳು.

"ಅಮ್ಮಾ, ಇವಳಿಗೆ ಗೊತ್ತಾಯ್ತು. ತಪ್ಪು ನಂದು. ಇವಳು ಹೋಗ್ತೀನಿ ಅಂದ್ರೆ ತಡೀಬೇಡ, ಇವಳ ಮೇಲೆ ಒಂದು ಮಾತೂ ಬರ್ಬಾರ್ದು." ಹುಟ್ಟಿದಾಗಿನಿಂದ ಅವನು ಅಮ್ಮನಿಗೆ ಎದುರು ಆಡಿದ ಮೊದಲ ಮಾತು ಅದು. ರಿಸೀವರನ್ನು ಹೆಂಡತಿಯ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ," ಎಂದು ಅತ್ತೆ ಗುಡುಗಿದರು. "ನಾನು ಒಂದು ಸುಳ್ಳೂ ಹೇಳಿಲ್ಲ. ಹೇಳದೆ ಬಿಟ್ಟೆ, ಅಷ್ಟೇ."

"ಯಾಕತ್ತೆ? ಕಿವಿ ಕೇಳಲ್ಲ ಅನ್ನೋದೇನು ಅಪರಾಧಾನಾ?"

ಅತ್ತೆ ದನಿ ತಗ್ಗಿಸಿದರು. "ಅವನು ಪಕ್ಕದಲ್ಲೇ ಇದಾನಾ?"

"ಇದಾರೆ."

"ಇರ್ಲಿ ಬಿಡು. ಅವನಿಗೆ ಹೇಗೂ ಕೇಳಿಸಲ್ಲ..." ಅತ್ತೆಯ ದನಿ ಒಡೆಯಿತು. "ಜ್ವರ ಅಲ್ಲ ಕಣೇ. ನಾನು ಹೊಡೆದದ್ದು. ಪುಟ್ಟ ಮಗು ಅವನು, ಗಿರಾಕಿಯ ಕನ್ನಡಕ ಬೀಳಿಸಿ ಒಡೆದ ಅಂತ, ಕಪಾಳಕ್ಕೆ... ಕೀವು ಸೋರ್ತಿತ್ತು. ಹೇಗಾಯ್ತು ಅಂತ ಡಾಕ್ಟರ್ ಕೇಳಿದ್ರೆ ಏನು ಹೇಳ್ಲಿ ಅಂತ ಕರ್ಕೊಂಡೇ ಹೋಗ್ಲಿಲ್ಲ. ಇನ್ನೊಂದು ಕಿವಿಗೂ ಹತ್ತಿತು. ಕಿವುಡು ಅಂತ ಗೊತ್ತಾದ್ರೆ ತಾನೇ ಜನ ಹೇಗಾಯ್ತು ಅಂತ ಕೇಳೋದು..."

ಗಂಡ ಅವಳ ಅಲುಗದ ತುಟಿಗಳನ್ನೇ ನೋಡುತ್ತಿದ್ದ. "ಅಮ್ಮ ಏನಂದ್ರು? ಬೈದ್ರಾ?"

ಒಂದು ಸಣ್ಣ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಎದುರಿನವರ ಮುಖ ನೋಡಲಾರದೆ ಇರುವಾಗಲೇ ಸುಳ್ಳು ಹುಟ್ಟುತ್ತದೆ ಎಂದು ಅವಳಿಗೆ ಆಗ ಅರ್ಥವಾಯಿತು. ಅದನ್ನು ನುಂಗಿಕೊಂಡಳು.

"ಅತ್ತೆ, ಇದನ್ನ ನಾನು ಹೇಳಲ್ಲ. ನೀವೇ ಹೇಳ್ಬೇಕು. ಎದುರಿಗೆ ಕೂತು, ತುಟಿ ಕಾಣೋ ಹಾಗೆ."

"ಆಮೇಲೆ ಅವನು ನನ್ನ ಮುಖ ನೋಡಲ್ಲ ಕಣೇ..."

"ನೋಡ್ತಾರೆ ಅತ್ತೆ. ನೋಡದೆ ಇವರಿಗೆ ನಿಮ್ಮ ಮಾತು ಗೊತ್ತಾಗೋದು ಹೇಗೆ?"

ಅತ್ತೆ ಅಳುತ್ತಿದ್ದರು. ಅವಳು ಫೋನಿಟ್ಟು, ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ತಿರುಗಿ ನಿಂತಳು.

"ಅಮ್ಮನಿಗೆ ನಿಮ್ಮ ಹತ್ರ ಒಂದು ವಿಷಯ ಹೇಳೋದಿದೆ. ಕಷ್ಟದ ವಿಷಯ. ಇಬ್ರೂ ಮನೆಗೆ ಹೋಗೋಣ, ನಾನು ಪಕ್ಕದಲ್ಲಿ ಕೂತಿರ್ತೀನಿ."

"ಆಮೇಲೆ ನೀನು ಹೋಗ್ತೀಯಾ?"

"ಗೊತ್ತಿಲ್ಲ ರೀ," ಎಂದಳು, ಒಂದೊಂದೇ ಮಾತು ಬಿಡಿಸಿ. "ಅವರು ಹೇಳಿ ಮುಗಿಸೋವರೆಗಂತೂ ನಿಮ್ಮನ್ನ ಬಿಟ್ಟು ಹೋಗಲ್ಲ."