ಹದಿಮೂರನೇ ಏಟು

ಸೊಸೆಯ ದಿಬ್ಬಣ ಅಲಾಯ್ ಬೆಟ್ಟದ ಆಚೆ ಮಗ್ಗುಲಲ್ಲಿ ಕಾಯುತ್ತಿತ್ತು. ಸುರಕ್ಷಿತವಾದ ದಾರಿ ಹುಡುಕಿ, ನಾಳೆ ಮಧ್ಯಾಹ್ನದೊಳಗೆ ಅವರನ್ನು ಈಚೆಗೆ ಕರೆತರಬೇಕು. ಹೊರಟವರು ಇಬ್ಬರೇ. ಒಬ್ಬಳು ಅಸಿಲ್ಕಾನ್, ಇಪ್ಪತ್ತೆರಡು ಚಳಿಗಾಲ ಅಲ್ಲಿನ ಮಂಜನ್ನು ಅಳೆದವಳು. ಇನ್ನೊಬ್ಬ ಅವಳ ಮೈದುನ ಜೂಮಾರ್ತ್, ಮದುಮಗನ ಅಪ್ಪ.

"ಅತ್ತಿಗೆ, ಆ ಸಲಿಕೆ ಯಾಕೆ ಹೊತ್ಕೊಂಡು ಬಂದೆ? ಮಂಜು ಕೆಟ್ಟಿದ್ರೆ ನನ್ನ ಕುದುರೆ ಹೆಜ್ಜೇನೇ ಇಡಲ್ಲ."

"ನಿನ್ನ ಕುದುರೆ ಬಾರ್ಲಿ ಕಂಡ್ರೆ ಬಾವಿಗೂ ಹೆಜ್ಜೆ ಇಡುತ್ತೆ, ನಡಿ."

ಮರಗಳು ಮುಗಿದ ಮೇಲೆ ಕೊರಕಲು ಕಣ್ಣೆದುರು ತೆರೆದುಕೊಂಡಿತು. ತೀಡಿ ಹಾಸಿದ ಉಣ್ಣೆಗಂಬಳಿಯಂತೆ ಎಲ್ಲೂ ಒಂದು ಮಡಿಕೆಯಿಲ್ಲದ ಬಿಳುಪು. ಎಡಕ್ಕೆ ಬೆಟ್ಟದ ಏಣು, ಚೂಪಾದ ಕಲ್ಲುಬೆನ್ನು. ಗಾಳಿ ಅದರ ಮಂಜನ್ನೆಲ್ಲ ಗುಡಿಸಿಹಾಕಿತ್ತು. ಅಲ್ಲಿ ಒಣಹುಲ್ಲು ಕಿತ್ತು ತಿನ್ನುತ್ತ ಜೂಮಾರ್ತನ ಚಮರಿಗಳು ಕರಿಬಂಡೆಗಳಂತೆ ನಿಂತಿದ್ದವು.

ಅಸಿಲ್ಕಾನ್ ಅಂಚಿನಲ್ಲೇ ಎದೆಮಟ್ಟ ಗುಂಡಿ ತೋಡಿ, ಮಂಜಿನ ಕಂಬವೊಂದನ್ನು ಕೊಯ್ದು ನಿಲ್ಲಿಸಿದಳು. ಅದರ ನೆತ್ತಿಯ ಮೇಲೆ ಸಲಿಕೆ ಇಟ್ಟು ಬರಿಯ ಮಣಿಕಟ್ಟು ಆಡಿಸಿ ಮೆಲ್ಲಗೆ ಹತ್ತು ಏಟು ಕೊಟ್ಟಳು. ಏನೂ ಆಗಲಿಲ್ಲ. ಆಮೇಲೆ ಮೊಣಕೈಯಿಂದ ಬೀಸಿ, ಇನ್ನೂ ಜೋರಾಗಿ. ಹನ್ನೊಂದು, ಹನ್ನೆರಡು, ಹದಿಮೂರು.

ಕಂಬದ ಮೇಲರ್ಧ ಸರ್ರನೆ ಜಾರಿ ಅವಳ ಮಡಿಲಿಗೆ ಬಿತ್ತು. ಕೆಳಗಿನ ಪದರ ಬೆರಳಲ್ಲಿ ಸಕ್ಕರೆಯಂತೆ ಉದುರಿತು.

"ಕೊರಕಲು ಬೇಡ. ಭಾರ ಬಿದ್ರೆ ಅಲ್ಲಿನ ಮಂಜೆಲ್ಲ ಹೀಗೇ ಜಾರುತ್ತೆ. ಏಣಿನ ಮೇಲೆ ಹೋಗೋಣ. ಆ ಬಂಡೆ ಮೇಲೆ ಕುದುರೆ ಕಾಲು ನಿಲ್ಲಲ್ಲ, ನಿನ್ನ ಚಮರಿಗಳನ್ನೇ ಹೊಡ್ಕೊಂಡು ಹೋಗೋಣ."

"ಸೊಸೇನ ಚಮರಿ ಮೇಲೆ ತರೋದಾ? ಬೀಗರು ನಗ್ತಾರೆ!"

"ನಗಲಿ. ನಗೋಕೆ ಜೀವ ಇರ್ಬೇಕಲ್ಲ."

"ಒಂದು ಗುಂಡಿ ನೋಡಿ ಹೇಳ್ಬೇಡ. ಇರು, ಕುದುರೇನ ಕೇಳ್ತೀನಿ."

ಅವಳು ಲಗಾಮಿಗೆ ಕೈ ಹಾಕುವಷ್ಟರಲ್ಲಿ ಕುದುರೆ ಅವನನ್ನು ಹೊತ್ತು ಕೊರಕಲಿನ ಮೇಲೆ ನಾಲ್ಕು ಹೆಜ್ಜೆ ನಡೆದೇಬಿಟ್ಟಿತ್ತು.

ಧುಮ್!

ನೆಲದೊಳಗೆ ಯಾರೋ ಬಾಗಿಲು ಹಾಕಿದಂತಾಯಿತು. ಗೊರಸಿನಿಂದ ಹೊರಟ ಬಿರುಕು ಕೊರಕಲಿನ ಉದ್ದಕ್ಕೂ ಓಡಿತು.

"ಅಲುಗಾಡ್ಬೇಡ! ಮೆಲ್ಲಗೆ ಇಳಿ. ಬಂದ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ಬಾ."

ಜೂಮಾರ್ತ್ ಉಸಿರು ಹಿಡಿದು ಇಳಿದ. ಒಂದು ಹೆಜ್ಜೆ. ಇನ್ನೊಂದು. ಕುದುರೆಯೂ ನಡುಗುತ್ತ ಹಿಂದೆ ಬಂತು. ಮಂಜು ಜಾರಲಿಲ್ಲ. ಅವಳು ಅವನ ತೋಳು ಹಿಡಿದು ಗಟ್ಟಿನೆಲಕ್ಕೆ ಎಳೆದುಕೊಂಡಳು.

ಅವನು ಕುದುರೆಯನ್ನು ಮರಕ್ಕೆ ಕಟ್ಟಿ, ಚಮರಿಗಳತ್ತ ಶಿಳ್ಳೆ ಹಾಕಿದ.

ಮಾರನೆಯ ಮಧ್ಯಾಹ್ನ ಆರು ಚಮರಿಗಳು ಏಣಿನಿಂದ ಊರಿಗಿಳಿದವು. ಎಲ್ಲಕ್ಕೂ ಮುಂದಿನದರ ಮೇಲೆ ಕೊಂಬಿಗೆ ಕೆಂಪು ಶಾಲು ಸುತ್ತಿ ಸೊಸೆ ಕೂತಿದ್ದಳು. ಬೀಗರೂ ನಕ್ಕರು, ಅವಳು ಎಲ್ಲರಿಗಿಂತ ಜೋರಾಗಿ ನಕ್ಕಳು. ಹೆಂಗಸರು ಬೊರ್ಸೋಕ್ ಎಂಬ ಹಿಟ್ಟಿನ ತುಣುಕುಗಳನ್ನು ಕರಿದು ತಂದು ಮಿಠಾಯಿ ಬೆರೆಸಿ ಅವಳ ತಲೆಯ ಮೇಲೆ ಎರಚಿದರು. ಚಮರಿ ಬಿದ್ದದ್ದನ್ನೆಲ್ಲ ತಿಂದಿತು.

ಊಟ ಮುಗಿಸಿ ಬೀಗ ಎದ್ದ. "ವಾಪಸು ಕೊರಕಲಿನಲ್ಲೇ ಹೋಗ್ತೀವಪ್ಪ. ಇವತ್ತಿನವರೆಗೂ ಅಲ್ಲಿ ಮಂಜು ಜಾರಿಲ್ವಲ್ಲ!"

"ಬೇಡವೇ ಬೇಡ!" ಜೂಮಾರ್ತ್ ಬಾಗಿಲಿಗೆ ಅಡ್ಡ ನಿಂತ. "ಅಡಿಯಲ್ಲೆಲ್ಲಾ ಬರೀ ಸಕ್ಕರೆ. ಹದಿಮೂರನೇ ಏಟಿಗೇ ಜಾರ್ತು! ಗುಂಡಿ ತೋಡಿ ನೋಡ್ದೆ ಯಾರಾದ್ರೂ ಕಾಲಿಡ್ತಾರೇನ್ರಿ?"

ಅಸಿಲ್ಕಾನ್ ಚಹಾ ಬಟ್ಟಲಿನ ಹಿಂದೆ ನಗು ಬಚ್ಚಿಟ್ಟುಕೊಂಡಳು. ಕುದುರೆಯ ಮಾತು ಅವಳು ಎತ್ತಲಿಲ್ಲ.