ಮಿಡತೆ ಒತ್ತಿದ ಬ್ರೇಕು

“ಒತ್ತು!” ಕಾರಿನ ಅಡಿಯಿಂದ ಅಮ್ಮನ ದನಿ ಬಂತು.

ಮಿಡತೆ ಬಲಗಾಲಿನಿಂದ ಬ್ರೇಕ್ ಪೆಡಲ್ ಒತ್ತಿದಳು. “ಒತ್ತಿದೆ!”

“ಹಿಡ್ಕೋ... ಹಾಗೇ ಹಿಡ್ಕೋ... ಹ್ಞಾಂ, ಬಿಡು.”

ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಒಂದು ನಿಮಿಷವೂ ಕಾಲು ನಿಲ್ಲದ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಮಿಡತೆ ಎಂದೇ ಕರೆಯುತ್ತಿದ್ದರು. ಅಮ್ಮನ ಗ್ಯಾರೇಜಿನಲ್ಲಿ ಈ ಕೆಲಸಕ್ಕೆ ಯಾವಾಗಲೂ ಅಣ್ಣ ಕೂರುತ್ತಿದ್ದ. ಇವತ್ತು ಹಟ ಮಾಡಿ ಅವಳು ಕೂತಿದ್ದಳು.

“ಮಿಡತೆ ಕೈಲಿ ಬ್ರೇಕ್ ಒತ್ತಿಸ್ತೀಯಾ ಅಮ್ಮಾ? ಕಾರೂ ಹಾರ್ಕೊಂಡ್ ಹೋಗುತ್ತೆ ನೋಡು!” ಎಂದು ನಕ್ಕು ಅಣ್ಣ ಆಟಕ್ಕೆ ಹೋಗಿದ್ದ.

ಕಾರು ಟೈಲರ್ ಅಜ್ಜನದು. ಹೆಚ್ಚು ಕಡಿಮೆ ಅಜ್ಜನಷ್ಟೇ ವಯಸ್ಸು, ಹೊಳಪು ಮಾತ್ರ ಅಜ್ಜನಿಗಿಂತ ಜಾಸ್ತಿ. ತುಕ್ಕು ಹಿಡಿದ ಬ್ರೇಕ್ ಪೈಪುಗಳನ್ನು ಕಿತ್ತು ಅಮ್ಮ ಹೊಸದು ಹಾಕಿದ್ದಳು. ಈಗ ಪೈಪಿನೊಳಗಿನ ಗಾಳಿಯನ್ನು ಹೊರಗೆ ತೆಗೆಯಬೇಕು. ಮೇಲೆ ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಅಮ್ಮ ಚಕ್ರದ ಹಿಂದಿನ ಸಣ್ಣ ತಿರುಪನ್ನು ಸಡಿಲಿಸುತ್ತಾಳೆ. ಬ್ರೇಕ್ ಎಣ್ಣೆಯ ಜೊತೆ ಗಾಳಿ ಗುಳುಗುಳು ಎಂದು ಹೊರಗೆ ಬರುತ್ತದೆ. ತಿರುಪು ಬಿಗಿ ಮಾಡಿ ಅಮ್ಮ ‘ಬಿಡು’ ಅನ್ನುವವರೆಗೆ ಕಾಲು ತೆಗೆಯಬಾರದು. ತೆಗೆದರೆ ಗಾಳಿ ಮತ್ತೆ ಒಳಗೆ ನುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಮೂರು ಚಕ್ರ ಮುಗಿಯಿತು. ನಾಲ್ಕನೆಯದು ಬರುವಷ್ಟರಲ್ಲಿ ಮಿಡತೆಯ ಕಾಲು ಸೋತಿತ್ತು.

“ಒತ್ತು!”

ಒತ್ತಿದಳು. ಅಷ್ಟರಲ್ಲಿ ಬೀದಿಯಲ್ಲಿ ಅಣ್ಣನ ಗುಂಪು “ಔಟ್! ಔಟ್!” ಎಂದು ಕಿರುಚಿತು. ಅವಳು ತಿರುಗಿ ನೋಡಿದಳು. ಕಾಲು ತಾನಾಗಿಯೇ ಮೇಲೆ ಬಂತು. ಗಾಬರಿಯಿಂದ ಮತ್ತೆ ಒತ್ತಿದಳು.

“ಹಿಡ್ಕೊಂಡಿದೀಯ ತಾನೇ?”

“ಹ್ಞೂಂ!”

“ಸರಿ, ಬಿಡು. ಈಗ ನಾಲ್ಕೈದು ಸಲ ಪಟಪಟ ಒತ್ತು.”

ಒತ್ತಿದಳು. ಅಮ್ಮ ಎದ್ದು ಬಂದು ಪೆಡಲನ್ನು ಕೈಯಿಂದ ಅದುಮಿ ನೋಡಿದಳು. “ಕಲ್ಲಿನ ಹಾಗಿದೆ. ಭೇಷ್ ಕಣೇ!” ಎಂದು ಕೈ ತೊಳೆಯಲು ಹೋದಳು.

ಮಿಡತೆಗೆ ಉಸಿರು ಬಂತು. ಏನೂ ಆಗಿಲ್ಲ! ಸುಮ್ಮನೆ ಇನ್ನೊಮ್ಮೆ ಕಾಲಿಟ್ಟಳು. ಪೆಡಲ್ ಮೆತ್ತಗೆ ತಳದವರೆಗೂ ಹೋಯಿತು.

ಎರಡನೇ ಸಲ ಅರ್ಧಕ್ಕೆ ನಿಂತಿತು. ಮೂರನೇ ಸಲ ಗಟ್ಟಿ. ಮೇಲಿಂದ ಮೇಲೆ ಒತ್ತಿದರೆ ಮಾತ್ರ ಗಟ್ಟಿಯಾಗುತ್ತಿತ್ತು. ಹಾಗಾದರೆ ಗಾಳಿ ಒಳಗೇ ಇದೆ.

ಹೇಳಿದರೆ ಅಣ್ಣ ವರ್ಷಪೂರ್ತಿ ನಗುತ್ತಾನೆ. ಅಮ್ಮ ಇನ್ನು ಯಾವತ್ತೂ ಇಲ್ಲಿ ಕೂರಿಸುವುದಿಲ್ಲ.

ಕೊರಳಲ್ಲಿ ಟೇಪು ನೇತುಹಾಕಿಕೊಂಡು ಟೈಲರ್ ಅಜ್ಜ ಬಂದರು. “ಓಹೋ, ಮಗಳೂ ಮೆಕ್ಯಾನಿಕ್ಕು! ಎಲ್ಲಾ ಸರಿ ಮಾಡಿದ್ಯೇನಮ್ಮಾ?”

ಮಿಡತೆ ಕಾರಿನಿಂದ ಇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಅವಳ ಕಣ್ಣು ತನ್ನ ಬಲಗಾಲಿನ ಮೇಲೇ ಹೋಯಿತು.

“ಮೊದಲ ಟ್ರಯಲ್ ನಾನೇ ಹೋಗ್ತೀನಿ ಅಜ್ಜಾ. ಬ್ರೇಕ್ ರಿಪೇರಿ ಮಾಡಿದೋರೇ ಮೊದ್ಲು ಓಡಿಸ್ಬೇಕು,” ಎಂದು ಅಮ್ಮ ಚಕ್ರಗಳಿಗೆ ಅಡ್ಡ ಕೊಟ್ಟಿದ್ದ ಮರದ ತುಂಡುಗಳನ್ನು ತೆಗೆದಳು. ಒಳಗೆ ಕೂತು ಕಾರು ಸ್ಟಾರ್ಟ್ ಮಾಡಿದಳು. ಗೇಟಿನಿಂದಲೇ ಇಳಿಜಾರು. ಇಳಿಜಾರಿನ ಕೊನೆಗೆ ಬಸ್ಸುಗಳು ತಿರುಗುವ ದೊಡ್ಡ ರಸ್ತೆ.

ಅಮ್ಮನ ಕೈ ಹ್ಯಾಂಡ್ ಬ್ರೇಕಿನ ಮೇಲೆ ಹೋಯಿತು.

“ಅಮ್ಮಾ, ಬೇಡ!” ಮಿಡತೆ ಓಡಿ ಬಂದು ಕಿಟಕಿ ಹಿಡಿದುಕೊಂಡಳು. “ನಾನು ಕಾಲು ತೆಗ್ದಿದ್ದೆ! ನೀನು ಬಿಡು ಅನ್ನೋಕ್ ಮುಂಚೆನೇ ತೆಗ್ದಿದ್ದೆ!”

ಅಮ್ಮ ಎಂಜಿನ್ ಆಫ್ ಮಾಡಿದಳು. ಪೆಡಲ್ ಮೇಲೆ ಕಾಲಿಟ್ಟಳು. ಕಾಲು ಕೆಳಗೆ ಹೋಯಿತು. ಅಮ್ಮ ಇಳಿಜಾರನ್ನು ನೋಡಿದಳು, ಆಮೇಲೆ ಮಗಳನ್ನು ನೋಡಿದಳು. ಅಮ್ಮನ ಮುಖ ಬಿಳಿಚಿಕೊಂಡಿತ್ತು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಮ್ಮ ಮರದ ತುಂಡುಗಳನ್ನು ಮತ್ತೆ ಚಕ್ರಗಳಿಗೆ ಕೊಟ್ಟು ಕಾರಿನ ಅಡಿಗೆ ಸರಿದಳು.

“ಅಣ್ಣನ್ನ ಕರೀಲಾ?” ಮಿಡತೆ ಬಗ್ಗಿ ಕೇಳಿದಳು.

“ಯಾಕೆ, ನಿನ್ನ ಕಾಲಿಗೇನಾಗಿದೆ? ಸುಸ್ತಾದ್ರೆ ಬಾಯ್ಬಿಟ್ಟು ಹೇಳು, ನಿಲ್ಸೋಣ. ಹತ್ತು ಒಳಗೆ.”

ಮತ್ತೆ ನಾಲ್ಕೂ ಚಕ್ರ. ಎರಡು ಸಲ ಅವಳೇ “ಅಮ್ಮಾ, ಸುಸ್ತು” ಎಂದಳು. ಎರಡು ಸಲವೂ ಅಮ್ಮ ತಿರುಪು ಬಿಗಿ ಮಾಡಿ ಕಾದಳು. ಟೈಲರ್ ಅಜ್ಜ ಗಡಿಯಾರ ನೋಡಿಕೊಳ್ಳುತ್ತಿದ್ದರು. ಆದರೂ ಮಿಡತೆ ಕೊನೆಗೆ ಕಾಲು ತೆಗೆದು ನೂರರವರೆಗೆ ಎಣಿಸಿದಳು. ಆಮೇಲೆ ಒಂದೇ ಒಂದು ಸಲ ಒತ್ತಿದಳು.

“ಮೊದಲ್ನೇ ಸಲಕ್ಕೇ ಗಟ್ಟಿ ಇದೆ ಅಮ್ಮಾ.”

ಅಮ್ಮನೂ ಒತ್ತಿ ನೋಡಿ ಕಾರು ಹೊರಡಿಸಿದಳು.

ಕಾರು ಗೇಟು ದಾಟಿತು, ಇಳಿಜಾರು ಹಿಡಿಯಿತು. ಅಮ್ಮನ ತಲೆ ಹಿಂದಿನ ಗಾಜಿನಲ್ಲಿ ಸಣ್ಣದಾಗುತ್ತ ಹೋಯಿತು. ಕೆಳಗೆ ಒಂದು ಬಸ್ಸು ಅಡ್ಡ ಬಂತು.

ಕಾರಿನ ಹಿಂದಿನ ಕೆಂಪು ದೀಪ ಹತ್ತಿತು. ಕಾರು ನಿಂತಿತು.

“ನಿಂತಿತಲ್ಲ ಬಿಡಮ್ಮಾ, ಇನ್ಯಾಕೆ ಹಾಗೆ ನಿಂತಿದೀಯ?” ಎಂದು ಟೈಲರ್ ಅಜ್ಜ ನಕ್ಕರು.

ಮಿಡತೆ ಕೆಳಗೆ ನೋಡಿದಳು. ಅವಳ ಬಲಗಾಲು ಮಣ್ಣನ್ನು ಬಲವಾಗಿ ಒತ್ತಿ ಹಿಡಿದಿತ್ತು. ಅಮ್ಮ ಕಾರು ತಿರುಗಿಸಿಕೊಂಡು ಗೇಟಿನೊಳಗೆ ಬರುವವರೆಗೂ ಅವಳು ಅದನ್ನು ತೆಗೆಯಲಿಲ್ಲ.